ಕಲ್ಲಿನ ಬೆನ್ನು ಹತ್ತಿದ ಕಾಗದ

ಮುಂಬಯಿಯ ಹೊರಗಿರುವ ಕನ್ನಡಿಗರಿಗೆ ಸಾಂತಾಕ್ರೂಜ್ ಎಂಬ ಹೆಸರು ಹೆಚ್ಚಾಗಿ ಮಳೆಗಾಲದಲ್ಲಿ ಕಿವಿಗೆ ಬೀಳುತ್ತದೆ. ಕೊಲಾಬಾದಲ್ಲಿ ಇಷ್ಟು ಮಿಲಿಮೀಟರ್, ಸಾಂತಾಕ್ರೂಜ್‌ನಲ್ಲಿ ಅಷ್ಟು ಎಂದು ವಾರ್ತೆಯವರು ಓದುತ್ತಾರೆ. 2005ರ ಜುಲೈ 26ರಂದು ಒಂದೇ ದಿನ 944 ಮಿ.ಮೀ. ಸುರಿದದ್ದು ದಾಖಲಾದದ್ದೂ ಇಲ್ಲಿಯ ಮಾಪಕದಲ್ಲೇ. ಆದರೆ ಈ ಹೆಸರು ಹವಾಮಾನ ವರದಿಗಿಂತ ದೂರ ಹೋದದ್ದು ರಫ್ತಿನ ಕಾಗದಪತ್ರಗಳ ಮೇಲೆ. 1973ರಲ್ಲಿ ಕೇಂದ್ರ ಸರ್ಕಾರ ತೆರೆದ ಸಾಂತಾಕ್ರೂಜ್ ಎಲೆಕ್ಟ್ರಾನಿಕ್ಸ್ ಎಕ್ಸ್‌ಪೋರ್ಟ್ ಪ್ರೊಸೆಸಿಂಗ್ ಜೋನ್ ಎಲ್ಲರ ಬಾಯಲ್ಲಿ ‘ಸೀಪ್ಜ್’ ಆಯಿತು. ತಮಾಷೆಯೆಂದರೆ ಅದು ಸಾಂತಾಕ್ರೂಜ್‌ನಲ್ಲಿ ಇಲ್ಲವೇ ಇಲ್ಲ. ಇರುವುದು ಅಂಧೇರಿ ಪೂರ್ವದ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿ, ಮರೋಳ್‌ನ ಮಗ್ಗುಲಿಗೆ. ಆಗ ಆ ಇಡೀ ಸೀಮೆಗೆ ಸಾಂತಾಕ್ರೂಜ್ ವಿಮಾನ ನಿಲ್ದಾಣವೇ ಗುರುತು. ಹೊರದೇಶದವರಿಗೆ ಮರೋಳ್ ಎಂದರೆ ಏನು ತಿಳಿಯಬೇಕು?

ಗುಜರಾತಿನ ಕಾಂಡ್ಲಾದಲ್ಲಿ 1965ರಲ್ಲೇ ಇಂಥ ವಲಯವೊಂದು ಬಂದಿತ್ತು. ಸೀಪ್ಜ್‌ನ ವಿಶೇಷವೆಂದರೆ ಅದು ಒಂದೇ ಕಸುಬಿಗೆ, ಎಲೆಕ್ಟ್ರಾನಿಕ್ಸ್‌ಗೆ, ಮೀಸಲಾದದ್ದು. ಬೇಲಿಯೊಳಗಿನ ನೂರು ಎಕರೆಯಷ್ಟು ನೆಲ ಭೂಪಟದಲ್ಲಿ ಮುಂಬಯಿ, ಕಸ್ಟಮ್ಸ್‌ನವರ ಕಣ್ಣಿಗೆ ಪರದೇಶ. ಒಳಗೆ ಬರುವ ಬಿಡಿಭಾಗಕ್ಕೆ ಸುಂಕವಿಲ್ಲ. ಬಂದದ್ದು ಮಾಲಾಗಿ ಹಡಗು ಅಥವಾ ವಿಮಾನ ಹತ್ತಲೇಬೇಕು. ಗೇಟಿನ ರಿಜಿಸ್ಟರಿಗೆ ಏರದೆ ಒಂದು ಪೆಟ್ಟಿಗೆಯೂ ಅತ್ತಿತ್ತ ಸರಿಯುವ ಹಾಗಿರಲಿಲ್ಲ. ಟಾಟಾ ಬರೋಸ್‌ನಂಥ ಕಂಪನಿಗಳು ಇಲ್ಲಿಂದಲೇ ಭಾರತದ ಸಾಫ್ಟ್‌ವೇರ್ ರಫ್ತಿಗೆ ನಾಂದಿ ಹಾಡಿದವು. 1987-88ರಲ್ಲಿ ಸರ್ಕಾರ ಒಡವೆ ತಯಾರಿಕೆಗೂ ಬಾಗಿಲು ತೆರೆಯಿತು. ಅಲ್ಲಿಂದಾಚೆಗೆ ಹೆಸರಿನಲ್ಲಿ ಎಲೆಕ್ಟ್ರಾನಿಕ್ಸ್ ಉಳಿಯಿತು, ಒಳಗೆ ಚಿನ್ನ ಮತ್ತು ವಜ್ರ ತುಂಬಿಕೊಂಡವು.

ಒಡವೆ ಬಂದ ಮೇಲೆ ಲೆಕ್ಕದ ಸ್ವರೂಪವೇ ಬದಲಾಯಿತು. ಕೆಪಾಸಿಟರನ್ನು ಎಣಿಸಬಹುದು; ಚಿನ್ನಕ್ಕೆ ಅರ ಹಾಕಿದರೆ ಪುಡಿ ಹಾರುತ್ತದೆ. ಅರ ಹಾಕುವ ಮೇಜಿನ ಕೆಳಗೆ ತಟ್ಟೆ, ಪಾಲಿಶ್ ಯಂತ್ರದ ಹಿಂದೆ ಗಾಳಿ ಎಳೆಯುವ ಕೊಳವೆ, ಕೈ ತೊಳೆದ ನೀರಿಗೆ ಬೇರೆ ತೊಟ್ಟಿ. ಒಡವೆ ಕಾರ್ಖಾನೆಯಲ್ಲಿ ಕಸ ಗುಡಿಸಿದ ಧೂಳನ್ನೂ ಎಸೆಯುವುದಿಲ್ಲ; ಕರಗಿಸಿ ಚಿನ್ನ ತೆಗೆಯುತ್ತಾರೆ. ಹಿಂದೆ ಜಲಗಾರರು ಹೊಳೆಯ ಮರಳಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಫಿಲ್ಟರ್ ಮಾಡುತ್ತದೆ. ಇಷ್ಟಾದರೂ ಸೋರಿಹೋಗುವುದಕ್ಕೆ ಸರ್ಕಾರವೇ ಇಂತಿಷ್ಟು ಶೇಕಡಾ ಎಂದು ‘ವೇಸ್ಟೇಜ್’ ಮಿತಿ ಕಟ್ಟಿದೆ. ಒಳಬಂದ ತೂಕ, ಹೊರಹೋದ ತೂಕ, ನಡುವಿನ ಸವಕಲು ಮೂರೂ ತಾಳೆಯಾದರೆ ಅಧಿಕಾರಿ ಸಹಿ ಹಾಕುತ್ತಾನೆ.

ಆ ಸಹಿಯ ಹಿಂದಿನ ಪ್ರಶ್ನೆ ಒಂದೇ: ಎಷ್ಟು? ಆ ಚಿನ್ನ ಯಾವ ಗಣಿಯದು, ಆ ಕಲ್ಲು ಯಾವ ಹೊಳೆಯ ದಂಡೆಯದು ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಇಂದು ಯುರೋಪಿಗೆ ಹೋಗಲಿರುವ ಬ್ಯಾಟರಿಯ ಮೈಮೇಲೆ ಕ್ಯೂಆರ್ ಕೋಡು ಇರಬೇಕು, ಒಳಗಿನ ಕೋಬಾಲ್ಟು ಎಲ್ಲಿಯದೆಂದು ಕಂಪನಿ ವಿಚಾರಿಸಿಕೊಂಡಿರಬೇಕು ಎಂಬ ಕಾನೂನು ಬಂದಿದೆ. ‘ಎಷ್ಟು’ ಎಂಬಲ್ಲಿಂದ ‘ಎಲ್ಲಿಂದ’ ಎಂಬಲ್ಲಿಗೆ ಜಗತ್ತಿನ ಸುಂಕದಕಟ್ಟೆಗಳು ಬಂದು ಮುಟ್ಟಿದ ದಾರಿಯಲ್ಲಿ ಬಹುಮುಖ್ಯ ತಿರುವೊಂದು ಸಾಂತಾಕ್ರೂಜ್‌ನ ಆಸುಪಾಸಿನಲ್ಲೇ ಇದೆ. ಬ್ಯಾಟರಿಯವರು ಈಗ ಕಲಿಯುತ್ತಿರುವ ಪಾಠವನ್ನು ಇಲ್ಲಿಯ ವಜ್ರದವರು ಇಪ್ಪತ್ತು ವರ್ಷ ಮೊದಲೇ ಓದಿ, ಅರ್ಧ ಪಾಸಾಗಿ, ಅರ್ಧ ನಪಾಸಾಗಿ ಕೂತಿದ್ದಾರೆ.

ಎಲ್ಲಿಂದ ಬಂತು ಎಂದು ಕೇಳದೆ ಇದ್ದುದು ಅಜ್ಞಾನದಿಂದಲ್ಲ, ವ್ಯಾಪಾರದ ಪದ್ಧತಿಯೇ ಹಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಬಹುಪಾಲು ಕಚ್ಚಾ ವಜ್ರ ಲಂಡನ್ನಿನ ಡಿ ಬಿಯರ್ಸ್ ಕಚೇರಿಗೆ ಹೋಗಿ, ಅಲ್ಲಿ ಹಲವು ದೇಶಗಳ ಕಲ್ಲನ್ನು ಬೆರೆಸಿ, ಗಾತ್ರ ಬಣ್ಣಗಳ ಪ್ರಕಾರ ವಿಂಗಡಿಸಿ, ಪೆಟ್ಟಿಗೆ ಕಟ್ಟಿ, ಆಯ್ದ ಗಿರಾಕಿಗಳಿಗೆ ಮಾರಾಟವಾಗುತ್ತಿತ್ತು. ಊರು ಕೇರಿ ಅಳಿಸಿಹಾಕಿದ ಮೇಲೆಯೇ ಕಲ್ಲಿಗೆ ಬೆಲೆ. ಅಲ್ಲಿಂದಲೋ ಆಂಟ್‌ವರ್ಪ್‌ನಿಂದಲೋ ಮುಂಬಯಿಗೆ ಬಂದದ್ದು ಒಪೇರಾ ಹೌಸ್‌ನ ಪಂಚರತ್ನ ಕಟ್ಟಡದಲ್ಲಿ ಮತ್ತೊಮ್ಮೆ ಮಗುಚಿ, ಮರುವಿಂಗಡಣೆಯಾಗಿ, ಆಂಗಡಿಯಾ ಎಂಬ ನಂಬಿಕೆಯ ಸಾಗಣೆದಾರರ ಒಳಜೇಬಿನಲ್ಲಿ ರಾತ್ರಿ ರೈಲು ಹತ್ತಿ ಸೂರತ್ತಿಗೆ ಹೋಗುತ್ತಿತ್ತು. ಪಾಲನ್‌ಪುರಿ ಜೈನರು ಮತ್ತು ಕಾಠಿಯಾವಾಡಿ ಪಟೇಲರು ಕಟ್ಟಿದ ಈ ಜಾಲ ನಿಂತದ್ದು ಮಾತಿನ ಮೇಲೆ. ಬಿಳಿಯ ಕಾಗದವನ್ನು ಐದಾರು ಮಡಿಕೆ ಮಡಚಿ ಮಾಡಿದ ‘ಪಡಿಕಾ’ ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ಬರೆದ ಕ್ಯಾರೆಟ್ ತೂಕವೇ ಅದರ ಬಿಲ್ಲು, ಬೀಜಕ, ಎಲ್ಲ.

ವಜ್ರದ ಮೂಲದ ಮೇಲೆ ಕಣ್ಣಿಡುವುದು ಈ ನಾಡಿಗೆ ಹೊಸದೇನಲ್ಲ ಎನ್ನುವುದನ್ನು ಹೇಳದೆ ಮುಂದೆ ಹೋಗಲಾಗದು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಸ್, ಗಣಿ ಗುತ್ತಿಗೆ ಹಿಡಿದ ನಾಯಕನ ಕರಾರನ್ನು ದಾಖಲಿಸಿದ್ದಾನೆ: ವರ್ಷಕ್ಕೆ ಇಂತಿಷ್ಟು ಪರ್ದಾವ್ ನಾಣ್ಯ ಕಪ್ಪ, ಜೊತೆಗೆ 20 ಮಂಗೆಲಿನ್‌ಗಿಂತ ಹೆಚ್ಚು ತೂಗುವ ಕಲ್ಲೆಲ್ಲ ನೇರ ಅರಸನ ಭಂಡಾರಕ್ಕೆ. ಗಣಿಯ ಬಾಯಲ್ಲೇ ತಕ್ಕಡಿ ಇಟ್ಟ ಈ ವ್ಯವಸ್ಥೆ ಕೆಲಸ ಮಾಡಿದ್ದು ಗಣಿ, ಸಂತೆ, ಸಿಂಹಾಸನ ಮೂರೂ ಒಂದೇ ರಾಜ್ಯದೊಳಗೆ ಇದ್ದುದರಿಂದ. ಗಣಿ ಒಂದು ದೇಶದಲ್ಲಿ, ಸಾಣೆ ಇನ್ನೊಂದರಲ್ಲಿ, ಕೊಳ್ಳುವ ಕೈ ಮೂರನೆಯದರಲ್ಲಿ ಆದಾಗ ತಕ್ಕಡಿ ಹಿಡಿಯುವವರಾರು?

1990ರ ದಶಕದ ಕೊನೆಯಲ್ಲಿ ಈ ಪ್ರಶ್ನೆ ರಕ್ತ ಮೆತ್ತಿಕೊಂಡು ಬಂತು. ಅಂಗೋಲಾದಲ್ಲಿ ಯುನಿಟಾ ಬಂಡುಕೋರರು, ಸಿಯೆರಾ ಲಿಯೋನ್‌ನಲ್ಲಿ ಕೈಕಾಲು ಕತ್ತರಿಸುತ್ತಿದ್ದ ಆರ್.ಯು.ಎಫ್. ಪಡೆ ಇಬ್ಬರೂ ವಜ್ರ ಮಾರಿ ಬಂದೂಕು ಕೊಳ್ಳುತ್ತಿದ್ದರು. 1998ರಲ್ಲಿ ಗ್ಲೋಬಲ್ ವಿಟ್‌ನೆಸ್ ಸಂಸ್ಥೆಯ ವರದಿ, 2000ದಲ್ಲಿ ಪಾರ್ಟ್‌ನರ್‌ಶಿಪ್ ಆಫ್ರಿಕಾ ಕೆನಡಾದ ವರದಿ, ಅದೇ ವರ್ಷ ವಿಶ್ವಸಂಸ್ಥೆಗಾಗಿ ರಾಬರ್ಟ್ ಫೌಲರ್ ಬರೆದ ವರದಿ ಸಾಲಾಗಿ ಹೊರಬಂದವು. ಆ ವರದಿಗಳಲ್ಲಿ ಎಲ್ಲಕ್ಕಿಂತ ಚುಚ್ಚುವ ಸಾಕ್ಷ್ಯ ಬಂದದ್ದು ಬೆಲ್ಜಿಯಂನ ಆಮದು ಅಂಕಿಅಂಶದಿಂದ. ಲೈಬೀರಿಯಾ ವರ್ಷಕ್ಕೆ ತೆಗೆಯಬಲ್ಲ ವಜ್ರ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರೆಟ್. 1994ರಿಂದ 1998ರ ತನಕ ಆಂಟ್‌ವರ್ಪ್‌ಗೆ ‘ಲೈಬೀರಿಯಾದಿಂದ’ ಬಂದದ್ದೆಂದು ಬರೆಸಿದ್ದು 3 ಕೋಟಿ 10 ಲಕ್ಷ ಕ್ಯಾರೆಟ್. ಎರಡೂ ಅಂಕಿ ಸರ್ಕಾರಿ ಕಡತಗಳಲ್ಲೇ ಇದ್ದವು. ಪಕ್ಕಪಕ್ಕ ಇಟ್ಟು ನೋಡಿದವರಿರಲಿಲ್ಲ.

2000ದ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಹಳೆಯ ಗಣಿಯೂರು ಕಿಂಬರ್ಲಿಯಲ್ಲಿ ಮಾತುಕತೆ ಶುರುವಾಯಿತು. 2002ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್ಲಾಕನ್‌ನಲ್ಲಿ ಘೋಷಣೆಯಾಗಿ, 2003ರ ಜನವರಿ 1ರಿಂದ ಕಿಂಬರ್ಲಿ ಪ್ರೊಸೆಸ್ ಪ್ರಮಾಣಪತ್ರ ಪದ್ಧತಿ ಜಾರಿಗೆ ಬಂತು. ಕಾನೂನಿನ ದೃಷ್ಟಿಯಿಂದ ಇದು ವಿಚಿತ್ರ ಪ್ರಾಣಿ. ಒಪ್ಪಂದವಲ್ಲ, ಯಾವ ಸಂಸತ್ತೂ ಅನುಮೋದಿಸಿದ್ದಲ್ಲ, ಇದಕ್ಕೆ ನ್ಯಾಯಾಲಯವೂ ಇಲ್ಲ. ಸದಸ್ಯ ದೇಶಗಳು ಒಂದೇ ನಿಯಮವನ್ನು ತಂತಮ್ಮ ಕಾನೂನಿನಲ್ಲಿ ಬರೆದುಕೊಂಡವು: ಅಮೆರಿಕ ಹೊಸ ಕಾಯ್ದೆ ಮಾಡಿತು, ಐರೋಪ್ಯ ಒಕ್ಕೂಟ ತನ್ನ ನಿಯಮಾವಳಿ ಹೊರಡಿಸಿತು, ಭಾರತ ವಿದೇಶ ವ್ಯಾಪಾರ ನೀತಿಯೊಳಗೆ ಸೇರಿಸಿತು. ಸದಸ್ಯರಲ್ಲದವರ ಜೊತೆ ವ್ಯಾಪಾರ ನಿಷಿದ್ಧ ಎಂಬ ಕಲಮು ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಕ್ಕೆ ಡಿಕ್ಕಿ ಹೊಡೆಯುವಂತಿತ್ತು. 2003ರ ಮೇ ತಿಂಗಳಲ್ಲಿ ಅದಕ್ಕೂ ವಿನಾಯಿತಿ ಸಿಕ್ಕಿತು. ಭಾರತದಲ್ಲಿ ಪ್ರಮಾಣಪತ್ರ ಕೊಡುವ ಮತ್ತು ಪರೀಕ್ಷಿಸುವ ಅಧಿಕಾರ ಸರ್ಕಾರಿ ಇಲಾಖೆಗೆ ಬರಲಿಲ್ಲ. 1966ರಲ್ಲಿ ಸ್ಥಾಪನೆಯಾದ ಜೆಮ್ ಅಂಡ್ ಜ್ಯುವೆಲರಿ ಎಕ್ಸ್‌ಪೋರ್ಟ್ ಪ್ರಮೋಶನ್ ಕೌನ್ಸಿಲ್, ಅಂದರೆ ವ್ಯಾಪಾರಿಗಳದೇ ಮಂಡಳಿ, ಆ ಹೊಣೆ ಹೊತ್ತಿತು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವ ಕೆಲಸ ಬೆಕ್ಕಿಗೇ ಎಂದು ಮೂಗು ಮುರಿದವರಿದ್ದರು. ಕಲ್ಲು ನೋಡಿ ಬೆಲೆ ಹೇಳಬಲ್ಲವರು ಬೇರೆಡೆ ಇರಲಿಲ್ಲ ಎನ್ನುವುದೂ ನಿಜ.

ಆ ಮಂಡಳಿಯ ಮುಖ್ಯ ಕಚೇರಿ ಈಗ ಇರುವುದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ (ಬಿ.ಕೆ.ಸಿ.) ಭಾರತ್ ಡೈಮಂಡ್ ಬೋರ್ಸ್‌ನಲ್ಲಿ. ಸಾಂತಾಕ್ರೂಜ್ ಪೂರ್ವದ ಕಲೀನಾದಿಂದ, ಅಂದರೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ವಿದ್ಯಾನಗರಿಯಿಂದ, ಸಿ.ಎಸ್.ಟಿ. ರಸ್ತೆ ದಾಟಿ ದಕ್ಷಿಣಕ್ಕೆ ಇಳಿದರೆ ಮಿಠಿ ನದಿಯ ಜೌಗಿನ ಮೇಲೆ ಎದ್ದುನಿಂತ ಗಾಜಿನ ಊರು ಸಿಗುತ್ತದೆ. ಅದರೊಳಗೆ 20 ಎಕರೆಯ ಈ ಕೋಟೆ. ನಕ್ಷೆ ಬರೆದವರು ಬಿ.ವಿ. ದೋಶಿ. 2010ರ ಅಕ್ಟೋಬರಿನಲ್ಲಿ ತೆರೆದಾಗ ಸುಮಾರು 2,500 ಕಚೇರಿಗಳಿಗೆ ಜಾಗವಿತ್ತು, ಆದರೆ ಒಪೇರಾ ಹೌಸ್ ಬಿಟ್ಟುಬರಲು ಎಷ್ಟೋ ಜನಕ್ಕೆ ಮನಸ್ಸಿರಲಿಲ್ಲ. ರಸ್ತೆಬದಿಯಲ್ಲಿ ನಿಂತು ಪಡಿಕಾ ಬಿಚ್ಚುವ ದಲಾಲಿಗಳ ಲೋಕ ಗುರುತಿನ ಚೀಟಿ ತೋರಿಸಿ ಒಳಹೋಗುವ ಜಾಗಕ್ಕೆ ಒಗ್ಗುವುದು ಸುಲಭವಲ್ಲ. 2011ರ ಜುಲೈ 13ರ ಸಂಜೆ ಝವೇರಿ ಬಜಾರ್, ದಾದರ್‌ಗಳ ಜೊತೆ ಒಪೇರಾ ಹೌಸ್‌ನಲ್ಲೂ ಬಾಂಬು ಸಿಡಿದ ಮೇಲೆ ಆ ಹಿಂಜರಿಕೆ ಹೆಚ್ಚು ದಿನ ಉಳಿಯಲಿಲ್ಲ.

ಬೋರ್ಸ್‌ನ ಒಳಗೇ ಅಮೂಲ್ಯ ಸರಕಿನ ಕಸ್ಟಮ್ಸ್ ಕೇಂದ್ರವಿದೆ. ವಿಮಾನದಿಂದ ಇಳಿದ ಪೆಟ್ಟಿಗೆ ನೇರ ಇಲ್ಲಿಗೆ ಬರುತ್ತದೆ. ಕಚ್ಚಾ ವಜ್ರವಾದರೆ ಪೆಟ್ಟಿಗೆಗೆ ಮುದ್ರೆ ಇರಬೇಕು, ಬಿಚ್ಚಿದರೆ ಬಿಚ್ಚಿದ್ದು ಕಾಣುವಂಥ ಮುದ್ರೆ. ಜೊತೆಗೆ ಬ್ಯಾಂಕಿನ ನೋಟಿನ ಹಾಗೆ ನಕಲು ಮಾಡಲು ಕಷ್ಟವಾದ ಕಾಗದದ ಮೇಲೆ ಕಿಂಬರ್ಲಿ ಪ್ರಮಾಣಪತ್ರ. ಅದರಲ್ಲಿ ದೇಶದ ಎರಡಕ್ಷರದ ಸಂಕೇತ ಸೇರಿದ ಕ್ರಮಸಂಖ್ಯೆ, ಕೊಟ್ಟ ದಿನ, ಅವಧಿ ಮುಗಿಯುವ ದಿನ, ಕಳಿಸಿದವರು, ತರಿಸಿಕೊಂಡವರು, ಎಷ್ಟು ಪೊಟ್ಟಣ, ಎಷ್ಟು ಕ್ಯಾರೆಟ್, ಡಾಲರಿನಲ್ಲಿ ಬೆಲೆ. ತೂಕ ಕಾಗದಕ್ಕೆ ಹೊಂದದಿದ್ದರೆ ಪೆಟ್ಟಿಗೆ ಅಲ್ಲೇ ನಿಂತಿತು.

ಈ ಪದ್ಧತಿಯ ನಿಜವಾದ ಜಾಣತನ ಆ ಚೆಂದದ ಕಾಗದದಲ್ಲಿಲ್ಲ, ಅದರ ಬೆನ್ನಿಗೆ ಹೋಗುವ ಉತ್ತರದಲ್ಲಿದೆ. ಸರಕು ಮುಟ್ಟಿದ ದೇಶದ ಅಧಿಕಾರಿ, ಕಳಿಸಿದ ದೇಶದ ಅಧಿಕಾರಿಗೆ ‘ನಿಮ್ಮ ಇಂಥ ಸಂಖ್ಯೆಯ ಪ್ರಮಾಣಪತ್ರ, ಇಷ್ಟು ಪೊಟ್ಟಣ, ಇಷ್ಟು ಕ್ಯಾರೆಟ್ ನಮಗೆ ಬಂತು’ ಎಂದು ತಿಳಿಸಬೇಕು. ಮೂಲ ಪ್ರಮಾಣಪತ್ರವನ್ನು ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಇಟ್ಟುಕೊಂಡಿರಬೇಕು. ಮೊದಮೊದಲು ಅಂಚೆ, ಫ್ಯಾಕ್ಸ್, ಈಗ ಮಿಂಚಂಚೆ. ಒಂದು ಕಡೆ ಹೊರಟದ್ದು ಇನ್ನೊಂದು ಕಡೆ ಮುಟ್ಟಲಿಲ್ಲವೆಂದರೆ, ಅಥವಾ ಹೊರಡದೇ ಇದ್ದದ್ದು ಮುಟ್ಟಿತೆಂದರೆ, ಎರಡು ಕಡತಗಳು ಒಂದರ ಮೇಲೊಂದು ದೂರು ಹೇಳತೊಡಗುತ್ತವೆ. ಲೈಬೀರಿಯಾದ ಅಂಕಿಗಳನ್ನು ಪಕ್ಕಪಕ್ಕ ಇಡದೆ ಹೋದ ತಪ್ಪಿಗೆ ಇದೇ ಮದ್ದು.

ಮದ್ದು ಕೆಲಸ ಮಾಡಿತು ಕೂಡ. 2004ರ ಜುಲೈನಲ್ಲಿ ಕಾಂಗೋ ಗಣರಾಜ್ಯವನ್ನು, ಅಂದರೆ ಬ್ರಾಝವಿಲ್ ರಾಜಧಾನಿಯಾದ ಚಿಕ್ಕ ಕಾಂಗೋವನ್ನು, ಕಿಂಬರ್ಲಿ ಕೂಟದಿಂದ ಹೊರಹಾಕಿದರು. ಕಾರಣ ಸರಳ: ತಾನು ಅಗೆದು ತೆಗೆದ ವಜ್ರಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಅದು ರಫ್ತು ಮಾಡಿತ್ತು, ಉಳಿದದ್ದು ಎಲ್ಲಿಂದ ಬಂತೆಂದು ಹೇಳಲು ಅದಕ್ಕೆ ಆಗಲಿಲ್ಲ. ಮರಳಿ ಸೇರಿಸಿಕೊಂಡದ್ದು 2007ರಲ್ಲಿ. ಗುಂಡಿಲ್ಲ, ಕೋರ್ಟಿಲ್ಲ, ಬರೀ ಜಮಾ-ಖರ್ಚಿನ ತಾಳೆಯಿಂದ ಒಂದು ಸರ್ಕಾರ ಸಿಕ್ಕಿಬಿದ್ದ ಪ್ರಸಂಗ ವ್ಯಾಪಾರದ ಚರಿತ್ರೆಯಲ್ಲಿ ಅಪರೂಪ.

ಇಷ್ಟು ಹೊಗಳಿದ ಮೇಲೆ ಮೇಜಿನ ಹತ್ತಿರ ಹೋಗಿ ನೋಡಬೇಕು.

ಬೋರ್ಸ್‌ನ ಯಾವುದೇ ವಿಂಗಡಣೆ ಕೋಣೆಯಲ್ಲಿ ಕಿಟಕಿಯತ್ತ ಮುಖಮಾಡಿದ ಉದ್ದನೆಯ ಮೇಜು, ಮೇಲೆ ಬಿಳಿ ಹಾಳೆ, ಕೈಯಲ್ಲಿ ಚಿಮಟ, ಕಣ್ಣಿಗೆ ಲೂಪ್. ಪೆಟ್ಟಿಗೆಯಿಂದ ಸುರಿದ ಕಚ್ಚಾ ಮಾಲು ಕಲ್ಲುಸಕ್ಕರೆ ಚೂರಿನಂತೆ ಮಂಕಾಗಿರುತ್ತದೆ. ಆಕಾರಕ್ಕೊಂದು ಗುಪ್ಪೆ, ಬಣ್ಣಕ್ಕೊಂದು ಗುಪ್ಪೆ, ಒಳಗಿನ ಕಲೆಗೊಂದು ಗುಪ್ಪೆ. ಹಿಂದಿನ ವಾರ ಬಂದ ಬೇರೆ ದೇಶದ ಮಾಲಿನಲ್ಲಿ ಇದೇ ಜಾತಿಯ ಕಲ್ಲು ಉಳಿದಿದ್ದರೆ ಇದರ ಜೊತೆ ಸೇರುತ್ತದೆ, ಏಕೆಂದರೆ ಸಾಣೆ ಹಿಡಿಯುವವನಿಗೆ ಬೇಕಾದದ್ದು ಒಂದೇ ತೆರನಾದ ನೂರು ಕಲ್ಲು, ಒಂದೇ ದೇಶದ ನೂರು ಕಲ್ಲಲ್ಲ. ಸೇರಿದ ಕ್ಷಣಕ್ಕೆ ಊರು ಹೋಯಿತು. ಪ್ರಮಾಣಪತ್ರದ ನಮೂನೆಯೇ ಇದಕ್ಕೆ ದಾರಿ ಬಿಟ್ಟಿದೆ: ಮೂಲ ದೇಶದ ಹೆಸರು ಬರೆಯಬೇಕಾದದ್ದು ಕಲಬೆರಕೆಯಾಗದ ಮಾಲಿಗೆ ಮಾತ್ರ. ಉಳಿದದ್ದು ‘ಮಿಶ್ರ’. ಇನ್ನು ಸಾಣೆಯಾಗಿ ಹೊಳೆಯತೊಡಗಿದ ವಜ್ರವಂತೂ ಕಿಂಬರ್ಲಿಯ ವ್ಯಾಪ್ತಿಗೇ ಬರುವುದಿಲ್ಲ. ಕಸ್ಟಮ್ಸ್ ಶಾಸ್ತ್ರದ ಪ್ರಕಾರ ಸೂರತ್ತಿನಲ್ಲಿ ಅದು ಬೇರೆಯೇ ವಸ್ತುವಾಗಿ ಹುಟ್ಟಿದೆ. ಅದರ ಮೂಲ ಭಾರತ.

ಎರಡನೆಯ ದೋಷ ವ್ಯಾಖ್ಯೆಯದು. ‘ಸಂಘರ್ಷದ ವಜ್ರ’ ಎಂದರೆ ಸರ್ಕಾರದ ವಿರುದ್ಧ ಹೋರಾಡುವ ಬಂಡುಕೋರರಿಗೆ ಹಣ ಒದಗಿಸುವ ವಜ್ರ, ಅಷ್ಟೇ. ಜಿಂಬಾಬ್ವೆಯ ಮರಾಂಗೆಯಲ್ಲಿ 2008ರಲ್ಲಿ ಅಗೆಯುವವರ ಮೇಲೆ ಬಂದೂಕು ಎತ್ತಿದ್ದು ಸರ್ಕಾರದ ಪಡೆಯೇ. ಅದೇ ವರ್ಷ ಕೂಟದ ಅಧ್ಯಕ್ಷ ಸ್ಥಾನದಲ್ಲಿದ್ದದ್ದು ಭಾರತ. ರಫ್ತಿಗೆ ತಡೆ ಬಂತು, ಜಗಳವಾಯಿತು, 2011ರಲ್ಲಿ ತಡೆ ತೆರವಾಯಿತು. ಆ ಡಿಸೆಂಬರಿನಲ್ಲಿ ಗ್ಲೋಬಲ್ ವಿಟ್‌ನೆಸ್, ಈ ಕೂಟವನ್ನು ಹುಟ್ಟುಹಾಕಲು ದುಡಿದ ಸಂಸ್ಥೆಯೇ, ಎದ್ದು ಹೊರನಡೆಯಿತು. 2019ರಲ್ಲಿ ಭಾರತ ಮತ್ತೆ ಅಧ್ಯಕ್ಷನಾಗಿ ಮುಂಬಯಿಯಲ್ಲೇ ನಡುವರ್ಷದ ಸಭೆ ನಡೆಸಿದಾಗಲೂ ವ್ಯಾಖ್ಯೆ ಹಿಗ್ಗಲಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಎಂಬ ನಿಯಮವಿರುವಲ್ಲಿ ಒಬ್ಬ ತಲೆಯಾಡಿಸದಿದ್ದರೂ ಸಾಕು.

ಇದೆಲ್ಲ ಎಲ್ಲೋ ಆಫ್ರಿಕಾದ ಸಂಗತಿ ಎಂದು ಬಿ.ಕೆ.ಸಿ. ಹಾಯಾಗಿದ್ದ ಹೊತ್ತಿಗೆ ರಷ್ಯಾ ಬಂತು. ಜಗತ್ತಿನ ಕಚ್ಚಾ ವಜ್ರದಲ್ಲಿ ಸುಮಾರು ಮೂರನೇ ಒಂದು ಪಾಲು ತೆಗೆಯುವ ಅಲ್ರೋಸಾ ಕಂಪನಿಗೂ ಮುಂಬಯಿಗೂ ಹಳೆಯ ನಂಟು. 2014ರ ಡಿಸೆಂಬರಿನಲ್ಲಿ ದೆಹಲಿಯ ವಿಶ್ವ ವಜ್ರ ಸಮ್ಮೇಳನಕ್ಕೆ ಪುಟಿನ್ ಬಂದಿದ್ದರು. ಮರುವರ್ಷ ಬೋರ್ಸ್‌ನೊಳಗೆ ಇಂಡಿಯಾ ಡೈಮಂಡ್ ಟ್ರೇಡಿಂಗ್ ಸೆಂಟರ್ ಎಂಬ ವಿಶೇಷ ವಲಯ ತೆರೆಯಿತು. ಗಣಿ ಕಂಪನಿಗಳು ಭಾರತಕ್ಕೆ ಆಮದು ಮಾಡದೆಯೇ ಇಲ್ಲಿ ಮಾಲು ಹರವಿ ತೋರಿಸಬಹುದಿತ್ತು. ಸೀಪ್ಜ್‌ನ ಬೇಲಿಯ ಉಪಾಯವೇ, ಈ ಸಲ ಒಂದು ಕಟ್ಟಡದೊಳಗೆ.

2022ರಲ್ಲಿ ಉಕ್ರೇನ್ ಯುದ್ಧವಾಗಿ ಅಮೆರಿಕ ರಷ್ಯದ ವಜ್ರ ನಿಲ್ಲಿಸಿತು. ಆದರೆ ಸೂರತ್ತಿನಲ್ಲಿ ಸಾಣೆಯಾದದ್ದು ‘ಭಾರತದ್ದು’ ಆದ್ದರಿಂದ ನಿಷೇಧ ಅರ್ಧ ಕಾಗದದ ಮೇಲೇ ಉಳಿಯಿತು. 2023ರ ಡಿಸೆಂಬರಿನಲ್ಲಿ ಜಿ-7 ದೇಶಗಳು ಆ ಕಿಂಡಿ ಮುಚ್ಚಿದವು: 2024ರ ಮಾರ್ಚ್ 1ರಿಂದ ಒಂದು ಕ್ಯಾರೆಟ್ ಮತ್ತು ಮೇಲ್ಪಟ್ಟ, ಸೆಪ್ಟೆಂಬರ್ 1ರಿಂದ ಅರ್ಧ ಕ್ಯಾರೆಟ್ ಮತ್ತು ಮೇಲ್ಪಟ್ಟ ರಷ್ಯಮೂಲದ ಕಲ್ಲು ಎಲ್ಲಿ ಸಾಣೆಯಾಗಿದ್ದರೂ ನಿಷಿದ್ಧ. ಕಲ್ಲಿನ ಹುಟ್ಟೂರು ಮೊದಲ ಬಾರಿಗೆ ಸಾಣೆ ದಾಟಿ ಹಿಂಬಾಲಿಸಿತು. ಡಿ ಬಿಯರ್ಸ್ 2018ರಿಂದ ಕಟ್ಟುತ್ತ ಬಂದ ‘ಟ್ರೇಸರ್’ ಎಂಬ ಬ್ಲಾಕ್‌ಚೈನ್ ವೇದಿಕೆ, ಕಚ್ಚಾ ಕಲ್ಲಿನ ಮೂರು ಆಯಾಮದ ಸ್ಕ್ಯಾನ್, ಆಂಟ್‌ವರ್ಪ್‌ನಲ್ಲಿ ಎಲ್ಲ ಕಲ್ಲಿನ ನೋಂದಣಿಯ ಯೋಜನೆ ಎಲ್ಲ ಒಟ್ಟಿಗೇ ಬಂದವು. ಎಲ್ಲ ಕಚ್ಚಾ ಮಾಲೂ ಬೆಲ್ಜಿಯಂ ಮೂಲಕವೇ ಹೋಗಬೇಕೆಂದಾಗ ಮುಂಬಯಿ ಕೆರಳಿತು, ಆಫ್ರಿಕದ ಗಣಿದೇಶಗಳೂ ಕೆರಳಿದವು. ಅವರ ಸಿಟ್ಟಿಗೆ ಅರ್ಥವಿತ್ತು. ಪತ್ತೆ ಹಚ್ಚುವ ನೆಪದಲ್ಲಿ ವ್ಯಾಪಾರದ ಗಲ್ಲಾಪೆಟ್ಟಿಗೆ ಯಾರ ಮೇಜಿಗೆ ಹೋಗುತ್ತದೆಂದು ಯಾರಿಗೂ ಕಾಣದ್ದಲ್ಲ. ಕಡ್ಡಾಯ ಡಿಜಿಟಲ್ ದಾಖಲೆಯ ಗಡುವು ಒಂದಾದ ಮೇಲೊಂದರಂತೆ ಮುಂದೆ ಹೋಯಿತು. ಅಮೆರಿಕಕ್ಕೆ ಸದ್ಯ ರಫ್ತುದಾರ ಬರೆದುಕೊಡುವ ಸ್ವಯಂ ಘೋಷಣೆಯೇ ಆಧಾರ.

ಬರೆದುಕೊಟ್ಟದ್ದು ಸುಳ್ಳಾದರೆ? ಆಗ ಎರಡು ದೇಶದ ವ್ಯಾಪಾರ ಅಧಿಕಾರಿಗಳ ಪತ್ರವ್ಯವಹಾರ ಸಾಲದು, ಪೊಲೀಸರೂ ನ್ಯಾಯಾಲಯಗಳೂ ಬರಬೇಕು. ಭಾರತದ ನ್ಯಾಯಾಲಯ ಪರದೇಶದ ಅಧಿಕಾರಿಗೆ ತನಿಖೆಗೆ ನೆರವು ಕೋರಿ ಪತ್ರ ಬರೆಯುವ ಅವಕಾಶ 1990ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 166ಎ ಕಲಮಾಗಿ ಬಂತು, ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಮು. ಈ ದಾರಿ ಎಷ್ಟು ಉದ್ದ ಎನ್ನುವುದಕ್ಕೆ ಮುಂಬಯಿಗೇ ಅನುಭವವಿದೆ. ತನಿಖೆಗೆ ಒಳಗಾದ ವಜ್ರ ವ್ಯಾಪಾರಿಗಳಾದ ನೀರವ್ ಮೋದಿ ಮತ್ತು ಮೆಹುಲ್ ಚೋಕ್ಸಿ ಅವರ ಸಂಸ್ಥೆಗಳಿಗೆ ಸೇರಿದ್ದೆಂದು ಜಾರಿ ನಿರ್ದೇಶನಾಲಯ ಹೇಳಿದ 108 ಸರಕುಗಳು, 2,300 ಕಿಲೋಗೂ ಮಿಕ್ಕಿದ ವಜ್ರ, ಮುತ್ತು, ಬೆಳ್ಳಿ ಒಡವೆ, 2020ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಮುಂಬಯಿಗೆ ಮರಳಿದವು. ದುಬೈನಿಂದ ಅವನ್ನು ಹಾಂಗ್‌ಕಾಂಗಿಗೆ ಸಾಗಿಸಿದ್ದು 2018ರಲ್ಲಿ. ಸರಕು ಯಾವ ಗೋದಾಮಿನಲ್ಲಿದೆ ಎಂದು ಗೊತ್ತಿದ್ದೂ, ಅಲ್ಲಿಯ ಅಧಿಕಾರಿಗಳ ಜೊತೆ ಕಾಗದಪತ್ರ ಮುಗಿಸಿ ತರಲು ಅಷ್ಟು ಕಾಲ ಹಿಡಿಯಿತು.

ಈಗ ಬ್ಯಾಟರಿಯ ಕಡೆ ತಿರುಗಿದರೆ ಎಲ್ಲವೂ ನೋಡಿದ ಮುಖಗಳೇ.

ಎಲೆಕ್ಟ್ರಾನಿಕ್ಸಿಗೆ ಈ ಪ್ರಶ್ನೆ ತಟ್ಟಿದ್ದು 2010ರಲ್ಲಿ. ಅಮೆರಿಕದ ಡಾಡ್-ಫ್ರಾಂಕ್ ಕಾಯ್ದೆಯ 1502ನೇ ಕಲಮು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಮತ್ತು ಅದರ ನೆರೆದೇಶಗಳ ತವರ, ಟಂಗ್‌ಸ್ಟನ್, ಟ್ಯಾಂಟಲಂ, ಚಿನ್ನದ ಮೂಲ ಹೇಳಬೇಕೆಂದು ಅಲ್ಲಿಯ ಷೇರುಪೇಟೆಯ ಕಂಪನಿಗಳಿಗೆ ವಿಧಿಸಿತು. ಟ್ಯಾಂಟಲಂ ಎಂದರೆ ಕೆಪಾಸಿಟರು. ಸೀಪ್ಜ್ ಹುಟ್ಟಿದಾಗ ಗೇಟಿನಲ್ಲಿ ಎಣಿಸುತ್ತಿದ್ದಂಥದೇ ವಸ್ತು. ಆ ಕಂಪನಿಗಳಿಗೆ ಬಿಡಿಭಾಗ ಮಾರುವ ಭಾರತೀಯರ ಮೇಜಿಗೂ ವರ್ಷಕ್ಕೊಮ್ಮೆ ತುಂಬಬೇಕಾದ ಎಕ್ಸೆಲ್ ಹಾಳೆ ಬಂದು ಬಿತ್ತು. ಕಾಂಗೋದಲ್ಲಿ ಗಣಿಯ ಬಾಯಿಗೇ ಹೋಗಿ ಚೀಲಕ್ಕೆ ಸಂಖ್ಯೆಯ ಪ್ಲಾಸ್ಟಿಕ್ ಬಿಲ್ಲೆ ಕಟ್ಟುವ ಐ.ಟಿ.ಎಸ್.ಸಿ.ಐ. ಯೋಜನೆ ಶುರುವಾಯಿತು. ಬಿಲ್ಲೆ ಚೀಲಕ್ಕೆ ನಿಷ್ಠೆ ತೋರುತ್ತದೆ, ಒಳಗಿನ ಅದಿರಿಗಲ್ಲ. ಬೇರೆ ಗಣಿಯ ಅದಿರು ಬಿಲ್ಲೆಯುಳ್ಳ ಚೀಲ ಸೇರುತ್ತಿದೆ ಎಂದು 2022ರಲ್ಲಿ ಗ್ಲೋಬಲ್ ವಿಟ್‌ನೆಸ್ ಮತ್ತೊಮ್ಮೆ ಬರೆಯಿತು. ಆ ವರ್ಷವೇ ಉದ್ಯಮದ ಕೂಟವೊಂದು ಯೋಜನೆಗೆ ಕೊಟ್ಟಿದ್ದ ಮಾನ್ಯತೆ ಹಿಂತೆಗೆದುಕೊಂಡಿತು.

ಕೋಬಾಲ್ಟ್ ಇನ್ನೂ ಕಷ್ಟದ ಸರಕು. ಜಗತ್ತಿನ ಗಣಿಗಾರಿಕೆಯ ಸುಮಾರು ಶೇ. 70 ಕಾಂಗೋದ್ದು. ಕೊಲ್ವೆಜಿಯ ಸುತ್ತ ಯಂತ್ರದ ಗಣಿಯೂ ಉಂಟು, ಹಾರೆ ಗುದ್ದಲಿಯ ಕೈಗುಂಡಿಗಳೂ ಉಂಟು. ಮೂಟೆಗಳು ಕೊಳ್ಳುವವರ ಗೂಡಂಗಡಿಯಲ್ಲಿ ಬೆರೆತು, ಕರಗಿ, ಹೈಡ್ರಾಕ್ಸೈಡ್ ಆಗಿ, ಬಹುಪಾಲು ಚೀನಾದಲ್ಲಿ ಸಲ್ಫೇಟ್ ಆಗಿ, ಆಮೇಲೆ ಕೋಶದೊಳಗೆ ಹೋಗುತ್ತವೆ. ವಜ್ರವಾದರೆ ಎಷ್ಟು ಬೆರೆತರೂ ಒಂದೊಂದು ಕಲ್ಲೂ ಬಿಡಿಯಾಗಿ ಉಳಿಯುತ್ತದೆ, ಸ್ಕ್ಯಾನ್ ಮಾಡಿ ಗುರುತು ಹಿಡಿಯುವ ಆಸೆಯಾದರೂ ಇರುತ್ತದೆ. ಕರಗಿದ ಲೋಹಕ್ಕೆ ಮುಖವೇ ಇಲ್ಲ. ಆಗ ಉಳಿಯುವ ದಾರಿ ಸೀಪ್ಜ್‌ನ ಒಡವೆ ಕಾರ್ಖಾನೆಯದೇ: ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು, ಸವೆದದ್ದೆಷ್ಟು. ‘ಎಲ್ಲಿಂದ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಕಡೆಗೂ ‘ಎಷ್ಟು’ ಎಂಬ ಹಳೆಯ ಲೆಕ್ಕವೇ.

ಅಮೆರಿಕದ ನ್ಯಾಯಾಲಯಕ್ಕೆ ಈ ತೊಡಕು 2019ರಲ್ಲೇ ಹೋಗಿತ್ತು. ಕಾಂಗೋದ ಗಣಿಗಳಲ್ಲಿ ಸತ್ತ ಮತ್ತು ಊನರಾದ ಮಕ್ಕಳ ಪರವಾಗಿ ಆಪಲ್, ಗೂಗಲ್, ಡೆಲ್, ಮೈಕ್ರೋಸಾಫ್ಟ್, ಟೆಸ್ಲಾ ವಿರುದ್ಧ ದಾವೆ ಹೂಡಲಾಯಿತು. 2024ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಜಾಗತಿಕ ಸರಬರಾಜಿನಲ್ಲಿ ಕೊಳ್ಳುವ ಗಿರಾಕಿಯಾದ ಮಾತ್ರಕ್ಕೆ ಗಣಿಯವರ ಜೊತೆ ಕೂಡಿ ನಡೆಸಿದ ಉದ್ಯಮವೆನಿಸದು ಎಂಬುದು ತೀರ್ಪಿನ ತಿರುಳು.

ಐರೋಪ್ಯ ಒಕ್ಕೂಟ ಹಿಡಿದದ್ದು ಬೇರೆ ಹಾದಿ. 2023ರ ಜುಲೈನಲ್ಲಿ ಅಂಗೀಕಾರವಾದ ಬ್ಯಾಟರಿ ನಿಯಮಾವಳಿಯ ಪ್ರಕಾರ 2027ರ ಫೆಬ್ರುವರಿ 18ರಿಂದ ಯುರೋಪಿನ ಪೇಟೆಗೆ ಬರುವ ವಿದ್ಯುತ್ ವಾಹನದ ಬ್ಯಾಟರಿ, ಸ್ಕೂಟರ್ ಸೈಕಲ್ಲಿನಂಥ ಹಗುರ ವಾಹನದ ಬ್ಯಾಟರಿ, 2 ಕಿಲೋವಾಟ್-ಅವರ್‌ಗಿಂತ ದೊಡ್ಡ ಕೈಗಾರಿಕಾ ಬ್ಯಾಟರಿ ಪ್ರತಿಯೊಂದಕ್ಕೂ ಡಿಜಿಟಲ್ ಪಾಸ್‌ಪೋರ್ಟ್ ಬೇಕು. ಕೋಬಾಲ್ಟ್, ಲೀಥಿಯಂ, ನಿಕ್ಕಲ್, ನೈಸರ್ಗಿಕ ಗ್ರಾಫೈಟ್ ಎಲ್ಲಿಂದ ಹೇಗೆ ಬಂತೆಂದು ಕಂಪನಿ ವಿಚಾರಿಸಿಕೊಂಡಿರಬೇಕು. ಕ್ಯೂಆರ್ ಕೋಡಿನ ಹಿಂದಿನ ಮಾಹಿತಿಯಲ್ಲಿ ಕೆಲವು ಎಲ್ಲರಿಗೂ, ಕೆಲವು ದುರಸ್ತಿ ಮರುಬಳಕೆಯವರಿಗೆ, ಕೆಲವು ಅಧಿಕಾರಿಗಳಿಗೆ ಮಾತ್ರ. ನಮ್ಮ ಓದುಗರಿಗೆ ಇದರ ಚಿಕ್ಕ ರೂಪ ಮನೆಯಲ್ಲೇ ಇದೆ: 2023ರ ಏಪ್ರಿಲಿನಿಂದ ಅಂಗಡಿಯ ಚಿನ್ನಕ್ಕೆ ಕಡ್ಡಾಯವಾದ ಆರು ಅಂಕಿ-ಅಕ್ಷರಗಳ ಹಾಲ್‌ಮಾರ್ಕ್ ಸಂಖ್ಯೆ. ಅದೂ ಶುದ್ಧತೆ ಹೇಳುತ್ತದೆ, ಗಣಿ ಹೇಳುವುದಿಲ್ಲ.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಅಣು ಖನಿಜ ನಿರ್ದೇಶನಾಲಯ ಗುರುತಿಸಿದ ಲೀಥಿಯಂ 1,600 ಟನ್ ಮಾತ್ರ, ಅದೂ ಅಂದಾಜು. ಹೆಚ್ಚಿನದು ಹೊರಗಿಂದಲೇ ಬರಬೇಕು. 2019ರಲ್ಲಿ ಸರ್ಕಾರಿ ಕಂಪನಿಗಳು ಕೂಡಿ ಕಟ್ಟಿದ ‘ಕಾಬಿಲ್’ 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತದ ಐದು ಲೀಥಿಯಂ ಬ್ಲಾಕುಗಳಿಗೆ ಒಪ್ಪಂದ ಮಾಡಿಕೊಂಡಿತು. ಬಳಸಿ ಬಿಸಾಡಿದ ಬ್ಯಾಟರಿಯ ಲೆಕ್ಕಕ್ಕೆ 2022ರ ನಿಯಮದಡಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್ ಇದೆ. ಅಲ್ಲಿಯೂ ಪ್ರಶ್ನೆ ‘ಎಷ್ಟು’.

ವಜ್ರದ ಮೇಜಿನಿಂದ ನೋಡಿದವರಿಗೆ ಯುರೋಪಿನ ಪಾಸ್‌ಪೋರ್ಟಿನಲ್ಲಿ ಕಾಣುವ ಕೊರತೆ ತಂತ್ರಜ್ಞಾನದ್ದಲ್ಲ. ಕಿಂಬರ್ಲಿಯಲ್ಲಿ ಮುಗ್ಗರಿಸಿದ್ದೆಲ್ಲ ಮುಗ್ಗರಿಸಿದರೂ, ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ‘ಬಂತು’ ಎಂದು ಬರೆಯಲೇಬೇಕಿತ್ತು. ಬ್ಯಾಟರಿಯ ಪಾಸ್‌ಪೋರ್ಟಿಗೆ ಹೊಣೆಗಾರ ಪೇಟೆಗೆ ತಂದ ಕಂಪನಿ. ಕಾಂಗೋದ ಗಣಿ ಇಲಾಖೆಯಾಗಲಿ, ಕಟಮಾರ್ಕಾದ ಪ್ರಾಂತ ಸರ್ಕಾರವಾಗಲಿ ತಾನು ಕಳಿಸಿದ್ದೆಷ್ಟು, ಅಲ್ಲಿ ಮುಟ್ಟಿದ್ದೆಷ್ಟು ಎಂದು ತಾಳೆ ನೋಡುವ ಖಾನೆ ಅದರಲ್ಲಿಲ್ಲ. ಮೂಲದ ವಿಚಾರಣೆ ಕಡ್ಡಾಯವಾಗಬೇಕಾದದ್ದು 2025ರ ಆಗಸ್ಟ್ 18ಕ್ಕೆ. ಕಂಪನಿಗಳು ಇನ್ನೂ ಸಿದ್ಧವಿಲ್ಲವೆಂದು ಅದನ್ನು 2027ರ ಆಗಸ್ಟ್ 18ಕ್ಕೆ ತಳ್ಳಿದ್ದಾರೆ. ಪಾಸ್‌ಪೋರ್ಟಿನ ದಿನಾಂಕ ಮಾತ್ರ ಫೆಬ್ರುವರಿಯಲ್ಲೇ ನಿಂತಿದೆ. ಹೀಗಾಗಿ ಮೊದಲ ಆರು ತಿಂಗಳು ಬ್ಯಾಟರಿಗಳು ಪಾಸ್‌ಪೋರ್ಟ್ ಹಿಡಿದು ಗಡಿ ದಾಟಲಿವೆ. ಊರು ಯಾವುದೆಂದು ಕಡ್ಡಾಯವಾಗಿ ಕೇಳುವವರು ಆಮೇಲೆ ಬರುತ್ತಾರೆ.